ಕ್ಯಾಂಡಿಡಾ ತೊಂದರೆ ಇರುವವರು ಕರುಳಿನ ಪಥ್ಯ ಶುರು ಮಾಡುವ ಕ್ರಮ: ಸಮಗ್ರ ಮಾರ್ಗದರ್ಶಿ

ಕ್ಯಾಂಡಿಡಾ (ಮೈಯಲ್ಲಿ ಇರುವ ಒಂದು ಬಗೆಯ ಯೀಸ್ಟ್, ಅಂದರೆ ಶಿಲೀಂಧ್ರ) ಹೆಚ್ಚಾಗಿದೆ ಎಂಬ ಅನುಮಾನ ಬಂದ ಕೂಡಲೇ ಬಹಳ ಮಂದಿ ಒಂದೇ ದಿನ ಎಲ್ಲವನ್ನೂ ಬಿಟ್ಟುಬಿಡುತ್ತಾರೆ: ಸಕ್ಕರೆ, ಧಾನ್ಯ, ಹಾಲು, ಹಣ್ಣು, ಕಾಫಿ. ಅದೇ ದಿನ ಪ್ರೋಬಯಾಟಿಕ್, ತೆಂಗಿನೆಣ್ಣೆ, ಓರೆಗಾನೊ ಎಣ್ಣೆಯ ಕ್ಯಾಪ್ಸೂಲ್ ಎಲ್ಲವೂ ಶುರುವಾಗುತ್ತವೆ. ನಾಲ್ಕನೇ ದಿನಕ್ಕೆ ತಲೆ ಸಿಡಿಯುತ್ತದೆ, ಕಾಲು ಸೋಲುತ್ತದೆ, ಹೊಟ್ಟೆ ಕೆಡುತ್ತದೆ. 'ಯೀಸ್ಟ್ ಸಾಯುತ್ತಿದೆ, ಅದಕ್ಕೇ ಹೀಗೆ' ಎಂದು ಸಹಿಸಿಕೊಂಡು ಇನ್ನೊಂದು ವಾರ ತಳ್ಳಿ, ಕೊನೆಗೆ ಸೋತು ಪಥ್ಯ ಮುರಿಯುತ್ತಾರೆ. ಸ್ವಲ್ಪ ದಿನ ಬಿಟ್ಟು ಮತ್ತೆ ಅದೇ ಸುತ್ತು. ಇಂಥವರಲ್ಲಿ ಬಹುಪಾಲು ಜನ ಎಡವುವುದು ಕ್ರಮದಲ್ಲಿ. ಆದ್ದರಿಂದ ಈ ಬರಹದಲ್ಲಿ ಯಾವುದು ಮೊದಲು, ಯಾವುದು ಆಮೇಲೆ, ನಡುವೆ ಎಷ್ಟು ದಿನ ಬಿಡಬೇಕು ಎಂಬುದಕ್ಕೇ ಹೆಚ್ಚು ಜಾಗ.

ಇಲ್ಲಿ ಪಥ್ಯ ಎಂದರೆ ಸಕ್ಕರೆ, ಎಲ್ಲ ಧಾನ್ಯ, ಕಾಳು, ಬೇಳೆ, ಪಿಷ್ಟದ ಗೆಡ್ಡೆ, ಹಣ್ಣು, ಹುದುಗಿಸದ ಹಾಲು ಬಿಟ್ಟು, ಮಾಂಸದ ತಿಳಿ ಸೂಪ್, ಮೆತ್ತಗೆ ಬೇಯಿಸಿದ ತರಕಾರಿ, ಮಾಂಸ, ಮೀನು, ಮೊಟ್ಟೆ, ಕೊಬ್ಬು ಇವುಗಳ ಮೇಲೆ ನಿಂತ ಊಟ. ಒಂದು ಮಾತು ಮೊದಲೇ ಸ್ಪಷ್ಟವಾಗಿರಲಿ: ಈ ಪಥ್ಯ ಕ್ಯಾಂಡಿಡಾ ಸೋಂಕಿಗೆ ಔಷಧಿಯ ಬದಲಿಯಲ್ಲ. ಸಕ್ಕರೆ ನಿಲ್ಲಿಸಿದರೆ ಕರುಳಿನ ಯೀಸ್ಟ್ ಹಸಿದು ಸಾಯುತ್ತದೆ ಎಂಬ ವಾದಕ್ಕೆ ಮನುಷ್ಯರಲ್ಲಿ ಸಿಕ್ಕಿರುವ ಪುರಾವೆ ತೀರಾ ತೆಳು. ಆರೋಗ್ಯವಂತರಿಗೆ ಸಂಸ್ಕರಿಸಿದ ಕಾರ್ಬೋಹೈಡ್ರೇಟ್ ಹೆಚ್ಚಿಗೆ ಕೊಟ್ಟು ನೋಡಿದ 1999ರ ಅಧ್ಯಯನದಲ್ಲಿ ಕರುಳಿನ ಕ್ಯಾಂಡಿಡಾ ಮೇಲೆ ಆದ ಪರಿಣಾಮ ಅಲ್ಪ. ಪಥ್ಯದಿಂದ ಹೊಟ್ಟೆ ಉಬ್ಬರ, ಗ್ಯಾಸ್ ಇಳಿಯಬಹುದು. ರಕ್ತದ ಸಕ್ಕರೆ ಹದಕ್ಕೆ ಬರಬಹುದು. ನಿರೀಕ್ಷೆ ಅಷ್ಟಿರಲಿ.

## ಶುರುವಿಗೆ ಮುನ್ನ: ಯಾರು ಸ್ವಂತವಾಗಿ ಮಾಡಬಾರದು

ಗರ್ಭಿಣಿಯರು, ಹಾಲುಣಿಸುವವರು, 18 ವರ್ಷದೊಳಗಿನವರು, ತೂಕ ಮೊದಲೇ ಕಡಿಮೆ ಇರುವವರು (ಬಿಎಂಐ 18.5ಕ್ಕಿಂತ ಕೆಳಗೆ), ಹಿಂದೆ ಊಟ ಬಿಡುವ ಅಥವಾ ತಿಂದು ವಾಂತಿ ಮಾಡುವ ಕಾಯಿಲೆ ಇದ್ದವರು, ಮೂತ್ರಪಿಂಡದ ಕಾಯಿಲೆಯವರು, ಕೀಮೋಥೆರಪಿ ಅಥವಾ ಅಂಗ ಕಸಿಯ ಔಷಧಿಯಲ್ಲಿರುವವರು ವೈದ್ಯರ ಜೊತೆಯಿಲ್ಲದೆ ಕೈ ಹಾಕಬಾರದು.

ಮಧುಮೇಹಿಗಳ ವಿಷಯ ಇನ್ನೂ ಗಂಭೀರ. ಇನ್ಸುಲಿನ್ ಅಥವಾ ಸಲ್ಫೋನಿಲ್‌ಯೂರಿಯ ಗುಂಪಿನ ಮಾತ್ರೆ ತೆಗೆದುಕೊಳ್ಳುತ್ತಾ ಕಾರ್ಬೋಹೈಡ್ರೇಟ್ ಹಠಾತ್ತನೆ ಇಳಿಸಿದರೆ ಸಕ್ಕರೆ ಅಪಾಯದ ಮಟ್ಟಕ್ಕೆ ಬೀಳುತ್ತದೆ. ಹೆಸರು 'ಗ್ಲಿಫ್ಲೋಜಿನ್' ಎಂದು ಮುಗಿಯುವ ಮಾತ್ರೆಗಳು ಎರಡು ಕಾರಣಕ್ಕೆ ಮುಖ್ಯ: ಅವು ಮೂತ್ರದಲ್ಲಿ ಸಕ್ಕರೆ ಹೊರಹಾಕುವುದರಿಂದ ಜನನಾಂಗದ ಯೀಸ್ಟ್ ಸೋಂಕಿಗೆ ದಾರಿ ಮಾಡುತ್ತವೆ; ಮೇಲಿಂದ ಕಟ್ಟುನಿಟ್ಟಿನ ಪಥ್ಯವೂ ಸೇರಿದರೆ ಗ್ಲೂಕೋಮೀಟರ್ ಹೆಚ್ಚೇನೂ ತೋರಿಸದಿರುವಾಗಲೂ ಕೀಟೋಆಸಿಡೋಸಿಸ್ (ರಕ್ತದಲ್ಲಿ ಆಮ್ಲ ಏರುವ ಅಪಾಯದ ಸ್ಥಿತಿ) ಆಗಬಹುದು. ಮಾತ್ರೆಯ ಪ್ರಮಾಣ ವೈದ್ಯರು ಬದಲಿಸಿದ ಮೇಲೆಯೇ ಊಟ ಬದಲಾಗಲಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ: ತೂಕದ ಯಂತ್ರ, ಥರ್ಮಾಮೀಟರ್, ಅಡುಗೆಮನೆಯ ಚಿಕ್ಕ ತಕ್ಕಡಿ, 5 ಲೀಟರಿನ ದಪ್ಪ ತಳದ ಪಾತ್ರೆ, ಮುಚ್ಚಳವಿರುವ ಅಗಲ ಡಬ್ಬಿಗಳು, ಒಂದು ನೋಟ್‌ಪುಸ್ತಕ. ಇವುಗಳಲ್ಲಿ ನೋಟ್‌ಪುಸ್ತಕವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ದಿನಕ್ಕೊಂದು ಸಾಲು ಸಾಕು: ತೂಕ, ಮಲವಿಸರ್ಜನೆ ಎಷ್ಟು ಸಲ ಮತ್ತು ಹೇಗೆ, ಉಬ್ಬರಕ್ಕೆ 0ಯಿಂದ 10ರೊಳಗೆ ಒಂದು ಅಂಕ, ನಿದ್ದೆ, ಆ ದಿನ ಹೊಸದಾಗಿ ಸೇರಿಸಿದ್ದು ಅಥವಾ ಬಿಟ್ಟಿದ್ದು ಏನು. ಪಥ್ಯಕ್ಕೆ 7 ದಿನ ಮುಂಚಿನಿಂದಲೇ ಬರೆಯಲು ತೊಡಗಿ. ಹಳೆಯ ಸ್ಥಿತಿಯ ದಾಖಲೆ ಇಲ್ಲದಿದ್ದರೆ ಸುಧಾರಿಸಿದೆಯೋ ಇಲ್ಲವೋ ಎಂದು ಆಮೇಲೆ ಹೇಳಲಾಗದು.

## ಹಂತ 1: ಇದು ಕ್ಯಾಂಡಿಡಾ ಹೌದೇ ಎಂದು ಖಚಿತಪಡಿಸಿಕೊಳ್ಳುವುದು

ಕ್ಯಾಂಡಿಡಾ ಅಲ್ಬಿಕಾನ್ಸ್ ಆರೋಗ್ಯವಂತರ ಬಾಯಿ, ಕರುಳು, ಯೋನಿಯಲ್ಲೂ ಯಾವ ತೊಂದರೆಯನ್ನೂ ಮಾಡದೆ ಇರುತ್ತದೆ. ಹಾಗಾಗಿ ಮಲದ ಪರೀಕ್ಷೆಯಲ್ಲಿ ಕ್ಯಾಂಡಿಡಾ ಕಂಡಿತು ಎಂದರೆ ಅದು ಇದೆ ಎಂದಷ್ಟೇ ಅರ್ಥ. ಕಾಯಿಲೆ ಅದರಿಂದಲೇ ಎಂದು ಸಾಬೀತಾಗುವುದಿಲ್ಲ. ಬೆಳಿಗ್ಗೆ ಗ್ಲಾಸಿನ ನೀರಿಗೆ ಉಗುಳಿ ಎಳೆ ಇಳಿಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ ಬೆಲೆಯೇ ಇಲ್ಲ. ಯಾರ ಉಗುಳಾದರೂ ಲೋಳೆಯ ದಪ್ಪಕ್ಕೆ ತಕ್ಕಂತೆ ಹಾಗೇ ಇಳಿಯುತ್ತದೆ.

ಬಾಯಿಯ ಸೋಂಕನ್ನು ನೋಡುವ ಬಗೆ ಹೀಗೆ. ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಂತು ಕೆನ್ನೆಯ ಒಳಭಾಗ, ಅಂಗುಳ, ನಾಲಿಗೆ ನೋಡಿ. ಬಿಳಿ ಪದರವನ್ನು ಒದ್ದೆ ಗಾಜ್ ಬಟ್ಟೆಯಿಂದ ಮೆಲ್ಲಗೆ ಒರೆಸಿ. ಪದರ ಎದ್ದು ಬಂದು ಕೆಳಗೆ ಕೆಂಪಗೆ, ಉರಿಯುವ ಜಾಗ ಕಂಡರೆ ಕ್ಯಾಂಡಿಡಾ ಇರುವ ಸಾಧ್ಯತೆ ಹೆಚ್ಚು. ಏನು ಮಾಡಿದರೂ ಏಳದ ಬಿಳಿ ಕಲೆ ಬೇರೆಯೇ ಸಂಗತಿ. ಎರಡು ವಾರದಲ್ಲಿ ಹೋಗದಿದ್ದರೆ ದಂತವೈದ್ಯರಿಗೆ ತೋರಿಸಲೇಬೇಕು. ನಾಲಿಗೆಯ ಮೇಲೆ ಮಾತ್ರ ತೆಳುವಾಗಿ ಬಿಳಿ ಕಟ್ಟುವುದು ಬಹುಪಾಲು ಸತ್ತ ಕೋಶ, ಒಣಬಾಯಿ. ತುಟಿಯ ಮೂಲೆ ಒಡೆಯುವುದಕ್ಕೆ ಯೀಸ್ಟ್ ಜೊತೆಗೆ ಕಬ್ಬಿಣ, ಬಿ12 ಕೊರತೆಯೂ ಕಾರಣವಿರಬಹುದು.

ಯೋನಿಯಲ್ಲಿ ತುರಿಕೆ, ಉರಿ, ಗಟ್ಟಿಯಾದ ಬಿಳಿ ಸ್ರಾವ ಯೀಸ್ಟ್ ಸೋಂಕಿನ ಲಕ್ಷಣ. ಮೀನಿನ ವಾಸನೆಯ ತೆಳು ಸ್ರಾವವಾದರೆ ಬ್ಯಾಕ್ಟೀರಿಯಾ ಏರುಪೇರು ಇರುವ ಸಾಧ್ಯತೆ ಹೆಚ್ಚು. ಅದಕ್ಕೆ ಯೀಸ್ಟ್ ಔಷಧಿ ಕೆಲಸ ಮಾಡುವುದಿಲ್ಲ. ವರ್ಷದಲ್ಲಿ 3 ಅಥವಾ ಹೆಚ್ಚು ಸಲ ಮರುಕಳಿಸಿದರೆ ಕಲ್ಚರ್ ಪರೀಕ್ಷೆ (ಮಾದರಿ ತೆಗೆದು ಬೆಳೆಸಿ ನೋಡುವುದು) ಕೇಳಿ. ಗ್ಲಬ್ರಾಟ, ಕ್ರುಸಿಯಂಥ ಜಾತಿಗಳು ಸಾಮಾನ್ಯ ಔಷಧಿಗೆ ಬಗ್ಗದಿರುವುದರಿಂದ ಜಾತಿ ಗೊತ್ತಾಗುವುದು ಮುಖ್ಯ.

ಹೊಟ್ಟೆಯ ವಿಷಯದಲ್ಲೇ ಗೊಂದಲ ಜಾಸ್ತಿ. ಸಣ್ಣ ಕರುಳಿನಲ್ಲಿ ಶಿಲೀಂಧ್ರ ಮಿತಿಮೀರುವ ಸ್ಥಿತಿ ನಿಜವಾಗಿಯೂ ಇದೆ. ಅದನ್ನು ಗುರುತಿಸುವುದು ಎಂಡೋಸ್ಕೋಪಿಯಲ್ಲಿ ಸಣ್ಣ ಕರುಳಿನ ದ್ರವ ತೆಗೆದು ಬೆಳೆಸಿ ನೋಡುವುದರಿಂದ. ಮಿಲಿಲೀಟರಿಗೆ 1,000ಕ್ಕಿಂತ ಹೆಚ್ಚು ಬೆಳೆದರೆ ಅಧಿಕ ಎಂದು ಲೆಕ್ಕ. ಅದರ ಲಕ್ಷಣಗಳಾದ ಉಬ್ಬರ, ತೇಗು, ಗ್ಯಾಸ್, ಭೇದಿ ಇವೆಲ್ಲ ಬ್ಯಾಕ್ಟೀರಿಯಾ ಮಿತಿಮೀರಿದಾಗಲೂ, ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ಒಗ್ಗದಿದ್ದಾಗಲೂ, ಗೋಧಿಯಲ್ಲಿರುವ ಗ್ಲುಟೆನ್ ಒಗ್ಗದ ಸೀಲಿಯಾಕ್ ಕಾಯಿಲೆಯಲ್ಲೂ ಹೀಗೇ ಇರುತ್ತವೆ. ಲಕ್ಷಣದ ಪಟ್ಟಿಗೆ ಗುರುತು ಹಾಕಿ ಕ್ಯಾಂಡಿಡಾ ಎಂದು ತೀರ್ಮಾನಿಸಲು ಬರುವುದಿಲ್ಲ. ಸುಸ್ತು, ಮರೆವು, ಖಿನ್ನತೆಗೆಲ್ಲ ಯೀಸ್ಟೇ ಕಾರಣ ಎಂಬ ವಾದವನ್ನು 1990ರಲ್ಲಿ 42 ಮಹಿಳೆಯರ ಮೇಲೆ ಪರೀಕ್ಷಿಸಿದಾಗ, ಆ ಲಕ್ಷಣಗಳ ವಿಷಯದಲ್ಲಿ ನಿಸ್ಟಾಟಿನ್ ಎಂಬ ಶಿಲೀಂಧ್ರದ ಔಷಧಿ ಹುಸಿ ಮಾತ್ರೆಗಿಂತ ಹೆಚ್ಚಿನ ಗುಣ ತೋರಲಿಲ್ಲ. ಅಂಥ ಲಕ್ಷಣ ಇರುವವರು ಥೈರಾಯ್ಡ್, ರಕ್ತಹೀನತೆ, ನಿದ್ದೆಯ ತೊಂದರೆಗಳನ್ನು ಮೊದಲು ನೋಡಿಸಿಕೊಳ್ಳಲಿ.

## ಹಂತ 2: ಊಟ ಬದಲಿಸುವ ಮೊದಲೇ ಮುಗಿಸಬೇಕಾದ ಪರೀಕ್ಷೆ

ಕ್ರಮ ತಪ್ಪಿದರೆ ತಿಂಗಳುಗಟ್ಟಲೆ ಹಿಂದೆ ಬೀಳುವುದು ಇಲ್ಲೇ. ಸೀಲಿಯಾಕ್ ಕಾಯಿಲೆಯ ರಕ್ತಪರೀಕ್ಷೆ ಗ್ಲುಟೆನ್ ತಿನ್ನುತ್ತಿರುವಾಗ ಮಾತ್ರ ನಂಬಲರ್ಹ. ಗೋಧಿ, ಬಾರ್ಲಿ ಬಿಟ್ಟ ಮೇಲೆ ಪರೀಕ್ಷೆಗೆ ಹೋದರೆ ಕಾಯಿಲೆ ಇದ್ದರೂ ಇಲ್ಲ ಎಂದು ಬರಬಹುದು. ಆಗ ಮತ್ತೆ ವಾರಗಟ್ಟಲೆ ಗ್ಲುಟೆನ್ ತಿಂದು ಪರೀಕ್ಷಿಸಬೇಕಾಗುತ್ತದೆ. ಪಥ್ಯದಲ್ಲಿ ಹೊಟ್ಟೆ ಹಗುರಾದವರಿಗೆ ಆ ವಾರಗಳು ನರಕ. ಆದ್ದರಿಂದ ಮೊದಲು ರಕ್ತ ಕೊಡಿ, ಆಮೇಲೆ ಧಾನ್ಯ ಬಿಡಿ.

ಅದೇ ರಕ್ತದಲ್ಲಿ ಉಪವಾಸದ ಸಕ್ಕರೆ ಮತ್ತು ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ) ನೋಡಿಸಿ. ಉಪವಾಸದಲ್ಲಿ 126 ಮಿಗ್ರಾಂ ಅಥವಾ ಎಚ್‌ಬಿಎ1ಸಿ 6.5 ಶೇಕಡಾ ಮುಟ್ಟಿದರೆ ಮಧುಮೇಹದ ಮಟ್ಟ. ಮತ್ತೆ ಮತ್ತೆ ಬರುವ ಯೀಸ್ಟ್ ಸೋಂಕಿಗೆ ಉತ್ತರ ಹಲವರಿಗೆ ಇಲ್ಲೇ ಸಿಗುತ್ತದೆ. ಫೆರಿಟಿನ್, ಬಿ12, ವಿಟಮಿನ್ ಡಿ, ಕ್ರಿಯಾಟಿನಿನ್, ಲಿವರ್ ಪರೀಕ್ಷೆಯೂ ಇರಲಿ. ಲಿವರ್ ಅಂಕಿ ಆಮೇಲೆ ಔಷಧಿ ಕೊಡುವಾಗ ಹೋಲಿಕೆಗೆ ಬೇಕು. ಯಾವ ಕಾರಣವೂ ಕಾಣದೆ ದೊಡ್ಡವರ ಬಾಯಲ್ಲಿ ಬಿಳಿ ಪದರ ಬಂದಿದ್ದರೆ ಎಚ್‌ಐವಿ ಪರೀಕ್ಷೆಗೆ ಸಂಕೋಚ ಬೇಡ.

ಬ್ಯಾಕ್ಟೀರಿಯಾಕ್ಕಾಗಿ ಉಸಿರಿನ ಪರೀಕ್ಷೆ ಮಾಡಿಸುವುದಿದ್ದರೆ ಆಂಟಿಬಯಾಟಿಕ್ ನಿಂತು 4 ವಾರ ಆಗಿರಬೇಕು. ಯಾವ ಆಹಾರ ಒಗ್ಗದು ಎಂದು ಪಟ್ಟಿ ಕೊಡುವ ಐಜಿಜಿ ಪರೀಕ್ಷೆಗೆ ದುಡ್ಡು ಸುರಿಯಬೇಡಿ. ಅದು ತೋರಿಸುವುದು ನೀವು ಏನು ತಿಂದಿದ್ದೀರಿ ಎಂಬುದನ್ನು.

## ಹಂತ 3: ಮೂಲ ಕಾರಣ ಮತ್ತು ಔಷಧಿ

ಸೋಂಕು ಖಚಿತವಾಗಿದ್ದರೆ ಚಿಕಿತ್ಸೆ ಮೊದಲು, ಪಥ್ಯ ಆಮೇಲೆ. ಎರಡನ್ನೂ ಒಂದೇ ವಾರ ಶುರು ಮಾಡಬೇಡಿ. ಹೊಟ್ಟೆ ಕೆಟ್ಟರೆ ಮಾತ್ರೆಯಿಂದಲೋ ಸೂಪಿನ ಕೊಬ್ಬಿನಿಂದಲೋ ತಿಳಿಯುವುದಿಲ್ಲ. ಔಷಧಿಯ ಕೋರ್ಸ್ ಮುಗಿದು, ಅಥವಾ ಕನಿಷ್ಠ 7 ದಿನ ಔಷಧಿ ಒಗ್ಗಿದ ಮೇಲೆ ಮುಂದಿನ ಹಂತ.

ಆಸ್ತಮಾದ ಸ್ಟೆರಾಯ್ಡ್ ಇನ್‌ಹೇಲರ್ ಬಳಸುವವರು ಸ್ಪೇಸರ್ ಹಾಕಿಕೊಳ್ಳಿ, ಪ್ರತಿ ಸಲ ಬಾಯಿ ಮುಕ್ಕಳಿಸಿ ಉಗಿಯಿರಿ; ಇನ್‌ಹೇಲರ್ ನಿಲ್ಲಿಸಬೇಡಿ. ಕಟ್ಟಿದ ಹಲ್ಲಿನ ಸೆಟ್ ರಾತ್ರಿ ತೆಗೆದಿಟ್ಟು ಶುಚಿಗೊಳಿಸಿ. ಬಾಯಿಗೆ ಮಾತ್ರ ಔಷಧಿ ಹಾಕಿ ಸೆಟ್ ಹಾಗೇ ಬಿಟ್ಟರೆ ಸೋಂಕು ಬೇಗ ವಾಪಸ್. ಗಂಟಲುನೋವು, ನೆಗಡಿಗೆಲ್ಲ ಆಂಟಿಬಯಾಟಿಕ್ ನುಂಗುವ ಅಭ್ಯಾಸ ಇದ್ದರೆ ಅದನ್ನು ನಿಲ್ಲಿಸುವುದು ಯಾವ ಪಥ್ಯಕ್ಕಿಂತ ಹೆಚ್ಚು ಉಪಕಾರಿ. ಆಸಿಡಿಟಿಯ ಮಾತ್ರೆ ತಿಂಗಳುಗಟ್ಟಲೆ ನುಂಗುತ್ತಿದ್ದರೆ ಅದು ಇನ್ನೂ ಬೇಕೇ ಎಂದು ವೈದ್ಯರನ್ನು ಕೇಳಿ.

ಬಾಯಿಗೆ ನಿಸ್ಟಾಟಿನ್ ದ್ರವ ಬರೆದುಕೊಟ್ಟಿದ್ದರೆ ದಿನಕ್ಕೆ 4 ಸಲ, ಊಟದ ನಂತರ, ಎಷ್ಟು ಹೊತ್ತು ಆಗುತ್ತದೋ ಅಷ್ಟು ಹೊತ್ತು ಬಾಯಲ್ಲಿ ಆಡಿಸಿ. ಆಮೇಲೆ ಅರ್ಧ ಗಂಟೆ ನೀರೂ ಬೇಡ. ಪದರ ಮಾಯವಾದ ಮೇಲೂ 48 ಗಂಟೆ ಮುಂದುವರಿಸಿ. ಈ ದ್ರವದಲ್ಲಿ ಹಲವು ಸಲ ಸಕ್ಕರೆ ಇರುತ್ತದೆ; ಅದಕ್ಕೆ ಹೆದರಿ ಔಷಧಿ ಬಿಡುವವರಿದ್ದಾರೆ, ಇದು ದೊಡ್ಡ ತಪ್ಪು. ನಿಸ್ಟಾಟಿನ್ ಕರುಳಿನಿಂದ ರಕ್ತಕ್ಕೆ ಬಹುತೇಕ ಸೇರುವುದಿಲ್ಲ, ಹಾಗಾಗಿ ಬೇರೆ ಔಷಧಿಗಳ ಜೊತೆ ಜಗಳ ಕಡಿಮೆ.

ನುಂಗುವ ಶಿಲೀಂಧ್ರದ ಮಾತ್ರೆ ಫ್ಲುಕೊನಜೋಲ್ ಹಾಗಲ್ಲ. ರಕ್ತ ತೆಳುವಾಗಿಸುವ ವಾರ್ಫರಿನ್, ಕೆಲವು ಕೊಲೆಸ್ಟರಾಲ್ ಮಾತ್ರೆ, ಕೆಲವು ಮಧುಮೇಹದ ಮಾತ್ರೆ, ಹೃದಯದ ಲಯಕ್ಕೆ ಸಂಬಂಧಿಸಿದ ಔಷಧಿಗಳ ಬಲವನ್ನು ಅದು ಅಪಾಯದ ಮಟ್ಟಕ್ಕೆ ಏರಿಸಬಹುದು. ಯೋನಿ ಸೋಂಕಿಗೆ ಸಾಮಾನ್ಯವಾಗಿ 150 ಮಿಗ್ರಾಂನ ಒಂದೇ ಮಾತ್ರೆ ಕೊಡುತ್ತಾರೆ. ಗರ್ಭಿಣಿಯರಿಗೆ ಇದು ಬೇಡ, ಅವರಿಗೆ 7 ದಿನದ ಹಚ್ಚುವ ಔಷಧಿ. ಮನೆಯಲ್ಲಿ ಉಳಿದಿದ್ದ ಮಾತ್ರೆಯನ್ನು ತಿಂಗಳಿಗೊಮ್ಮೆ ನುಂಗುವುದರಿಂದ ಔಷಧಿಗೆ ಬಗ್ಗದ ಜಾತಿಗಳು ಮೇಲುಗೈ ಪಡೆಯುತ್ತವೆ. ಯೋನಿಯೊಳಗೆ ಮೊಸರು, ಬೆಳ್ಳುಳ್ಳಿ, ವಿನೆಗರ್, ಯಾವ ಎಣ್ಣೆಯನ್ನೂ ಇಡಬೇಡಿ, ಒಳಭಾಗ ಕೆರಳಬಹುದು, ಕೆಲವದರಿಂದ ಸುಟ್ಟ ಗಾಯವೂ ಆಗಬಹುದು.

## ಹಂತ 4: ತಯಾರಿಯ 10 ದಿನ – ತೆಗೆಯುವ ಮೊದಲು ಸೇರಿಸಿ

ಪಥ್ಯ ಮುರಿದು ಬೀಳಲು ಮುಖ್ಯ ಕಾರಣ ಹಸಿವು. ಲೆಕ್ಕ ನೋಡಿ. ದಿನಕ್ಕೆ 250 ಗ್ರಾಂ ಕಾರ್ಬೋಹೈಡ್ರೇಟ್ ತಿನ್ನುತ್ತಿದ್ದವರು ಅದನ್ನು 60 ಗ್ರಾಂಗೆ ಇಳಿಸಿದರೆ 190 ಗ್ರಾಂ, ಅಂದರೆ ಸುಮಾರು 760 ಕ್ಯಾಲೊರಿ ತಟ್ಟೆಯಿಂದ ಮಾಯ. ಒಂದು ಲೋಟ ತಿಳಿ ಸೂಪ್‌ನಲ್ಲಿ ಇರುವುದು ಐವತ್ತರ ಆಸುಪಾಸು. ಸೂಪ್ ಕುಡಿದು ಹೊಟ್ಟೆ ತುಂಬಿದಂತಾಗಿ, ದೇಹ ಮಾತ್ರ ಉಪವಾಸ ಬೀಳುತ್ತದೆ. ಆ 760ನ್ನು ತುಂಬಲು 4 ಟೇಬಲ್ ಚಮಚ ತುಪ್ಪ ಅಥವಾ ಎಣ್ಣೆ (ಸುಮಾರು 500), 2 ಮೊಟ್ಟೆ (150), 80 ಗ್ರಾಂ ಬೇಯಿಸಿದ ಮಾಂಸ (130) ಬೇಕು. ಇಷ್ಟು ಕೊಬ್ಬನ್ನು ಒಂದೇ ದಿನ ಹಾಕಿದರೆ ಭೇದಿಯಾಗಬಹುದು. ಅದಕ್ಕೇ ಈ 10 ದಿನ: 3 ದಿನಕ್ಕೊಮ್ಮೆ 1 ಟೇಬಲ್ ಚಮಚ ಏರಿಸಿ. ಪಿತ್ತಕೋಶ ತೆಗೆಸಿಕೊಂಡವರು ಇನ್ನೂ ನಿಧಾನ, ಪ್ರತಿ ಊಟಕ್ಕೂ ಹಂಚಿ ಹಾಕಿಕೊಳ್ಳಲಿ. ಪ್ರೋಟೀನ್ ದೇಹತೂಕದ ಕಿಲೋಗೆ 1ರಿಂದ 1.2 ಗ್ರಾಂ, 60 ಕಿಲೋ ಇದ್ದವರಿಗೆ 60ರಿಂದ 72 ಗ್ರಾಂ.

ಇದೇ ಹೊತ್ತಿನಲ್ಲಿ ಬಿಡುವ ಸರದಿ: 1ನೇ ದಿನದಿಂದ ಸಿಹಿ ಪಾನೀಯ, ಹಣ್ಣಿನ ರಸ; 4ನೇ ದಿನದಿಂದ ಸಿಹಿತಿಂಡಿ, ಬ್ರೆಡ್, ಬಿಸ್ಕತ್ತು; 7ನೇ ದಿನದಿಂದ ರಾತ್ರಿಯ ಊಟದ ಧಾನ್ಯ. ಕಾಫಿಯನ್ನು 2 ದಿನಕ್ಕೊಮ್ಮೆ ಕಾಲು ಭಾಗ ಇಳಿಸಿ. ಒಮ್ಮೆಗೇ ನಿಲ್ಲಿಸಿದರೆ 12ರಿಂದ 24 ಗಂಟೆಯಲ್ಲಿ ತಲೆನೋವು ಶುರುವಾಗಿ ವಾರದ ತನಕ ಎಳೆಯಬಹುದು.

ಸೂಪ್ ಮಾಡುವುದನ್ನೂ ಈಗಲೇ ರೂಢಿಸಿಕೊಳ್ಳಿ. ಎಲುಬು ಸಮೇತ 1 ಕಿಲೋ ಮಾಂಸಕ್ಕೆ 2.5 ಲೀಟರ್ ತಣ್ಣೀರು, 1 ಟೀ ಚಮಚ ಉಪ್ಪು. ಕುದಿ ಬಂದಾಗ ಏಳುವ ನೊರೆ ತೆಗೆದು, ಉರಿ ಸಣ್ಣ ಮಾಡಿ, ಮುಚ್ಚಿ, ಕೋಳಿಗೆ 1.5ರಿಂದ 2 ಗಂಟೆ, ದಪ್ಪ ಮಾಂಸಕ್ಕೆ 3 ಗಂಟೆ, ಮೀನಿಗೆ 30ರಿಂದ 40 ನಿಮಿಷ. 24 ಗಂಟೆ ಕುದಿಸುವ ಎಲುಬಿನ ಸೂಪ್ ಈ ಹಂತಕ್ಕೆ ಬೇಡ. ಸೂಕ್ಷ್ಮ ಹೊಟ್ಟೆಯ ಕೆಲವರಿಗೆ ಅದು ಒಗ್ಗುವುದಿಲ್ಲ.

ಮುಗಿದ ಸೂಪನ್ನು ಪಾತ್ರೆಯಲ್ಲೇ ರಾತ್ರಿಯಿಡೀ ಬಿಡುವುದು ಅಪಾಯದ ತಪ್ಪು. ದೊಡ್ಡ ಪಾತ್ರೆಯ ನಡುಭಾಗ ಗಂಟೆಗಟ್ಟಲೆ ಉಗುರು ಬೆಚ್ಚಗಿದ್ದು ಬ್ಯಾಕ್ಟೀರಿಯಾ ಬೆಳೆಯಲು ಹೇಳಿ ಮಾಡಿಸಿದ ಜಾಗವಾಗುತ್ತದೆ. ಸೋಸಿ, ಎರಡು ಮೂರು ಬೆರಳು ಎತ್ತರಕ್ಕೆ ಮೀರದಂತೆ ಅಗಲ ಡಬ್ಬಿಗಳಿಗೆ ಸುರಿದು, ಡಬ್ಬಿಗಳನ್ನು ತಣ್ಣೀರಿನ ತಟ್ಟೆಯಲ್ಲಿ ನಿಲ್ಲಿಸಿ, 2 ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. 3 ದಿನದೊಳಗೆ ಮುಗಿಸಿ, ಉಳಿದದ್ದು ಫ್ರೀಜರ್‌ಗೆ. ಕುಡಿಯುವಾಗ ಮತ್ತೆ ಚೆನ್ನಾಗಿ ಕುದಿಸಿ. ಮರುದಿನ ಸೂಪ್ ಜೆಲ್ಲಿಯಂತೆ ಗಟ್ಟಿಯಾಗಿದ್ದರೆ ಸರಿಯಾಗಿದೆ ಎಂದರ್ಥ.

ಮಾಂಸ ತಿನ್ನದವರು ಮೊಟ್ಟೆ, ಹುಳಿ ಮೊಸರು, ಹಳೆಯ ಗಟ್ಟಿ ಚೀಸ್ ಮೇಲೆ ನಡೆಸಬಹುದು. ಮೊಟ್ಟೆ, ಹಾಲಿನ ಪದಾರ್ಥವನ್ನೂ ತಿನ್ನದವರು ಈ ಪಥ್ಯಕ್ಕೆ ಬರಬಾರದು ಎಂಬುದೇ ನಮ್ಮ ಖಚಿತ ಅಭಿಪ್ರಾಯ. ಕಾಳು, ಧಾನ್ಯ ಎರಡೂ ತೆಗೆದರೆ ಅವರ ತಟ್ಟೆಯಲ್ಲಿ ಪ್ರೋಟೀನೇ ಉಳಿಯುವುದಿಲ್ಲ. ಸಕ್ಕರೆ ಮತ್ತು ಮೈದಾ ಮಾತ್ರ ಬಿಡುವುದು ಅವರಿಗೆ ಸಾಕು.

## ಹಂತ 5: ಕಟ್ಟುನಿಟ್ಟಿನ ಅವಧಿ – 2ರಿಂದ 4 ವಾರ

ಮುಗಿಯುವ ತಾರೀಖನ್ನು ಶುರುವಿನ ದಿನವೇ ನೋಟ್‌ಪುಸ್ತಕದಲ್ಲಿ ಬರೆಯಿರಿ. ಗಡುವಿಲ್ಲದ ಪಥ್ಯ ದಿನದಿಂದ ದಿನಕ್ಕೆ ಕಿರಿದಾಗುತ್ತಾ ಹೋಗಿ, ಕೊನೆಗೆ ಐದಾರು ಪದಾರ್ಥಕ್ಕೆ ಬಂದು ನಿಲ್ಲುತ್ತದೆ.

ದಿನಕ್ಕೆ 4 ಊಟ. ಪ್ರತಿ ಊಟದಲ್ಲೂ ಮಾಂಸ, ಮೀನು ಅಥವಾ ಮೊಟ್ಟೆ 80ರಿಂದ 100 ಗ್ರಾಂ, ಸೂಪಿನಲ್ಲಿ ಮೆತ್ತಗೆ ಬೇಯಿಸಿದ ತರಕಾರಿ 1 ಲೋಟ, ಕೊಬ್ಬು 1 ಟೇಬಲ್ ಚಮಚ, ಜೊತೆಗೆ ಒಂದು ಲೋಟ ಸೂಪ್. ತರಕಾರಿಗೆ ಕ್ಯಾರೆಟ್, ಕುಂಬಳ, ಹಸಿರು ಬೀನ್ಸ್, ಎಳೆಯ ಸೋರೆಯಂಥವು. ಸಿಪ್ಪೆ, ಬೀಜ, ಗಟ್ಟಿ ತೊಟ್ಟು ತೆಗೆದು ಬೆರಳಲ್ಲಿ ಒತ್ತಿದರೆ ಮುದ್ದೆಯಾಗುವಷ್ಟು ಬೇಯಿಸಿ. ಕೋಸು, ಹೂಕೋಸು, ಈರುಳ್ಳಿ, ಬೆಳ್ಳುಳ್ಳಿ ಮೊದಲ ವಾರ ಬೇಡ. ಇವು ಗ್ಯಾಸ್ ಮಾಡುವವು. ಕ್ಯಾರೆಟ್, ಕುಂಬಳದಲ್ಲಿ ಸಕ್ಕರೆ ಇದೆ ಎಂದು ಅವನ್ನೂ ಬಿಡುವವರಿದ್ದಾರೆ. ಬಿಡಬೇಡಿ; 50ರಿಂದ 80 ಗ್ರಾಂ ಕಾರ್ಬೋಹೈಡ್ರೇಟ್ ದಿನಕ್ಕೆ ಸಿಗಲೇಬೇಕು, ಶೂನ್ಯಕ್ಕೆ ಇಳಿಸಿ ಸಿಗುವ ಲಾಭ ಏನೂ ಇಲ್ಲ.

ಉಪ್ಪು ಮರೆಯುವುದು ಈ ಹಂತದ ದೊಡ್ಡ ತಪ್ಪು. ಕಾರ್ಬೋಹೈಡ್ರೇಟ್ ಇಳಿದರೆ ಇನ್ಸುಲಿನ್ ಇಳಿಯುತ್ತದೆ, ಆಗ ಮೂತ್ರಪಿಂಡ ಸೋಡಿಯಂ ಹಿಡಿದಿಟ್ಟುಕೊಳ್ಳದೆ ಹೊರಹಾಕುತ್ತದೆ, ಜೊತೆಗೆ ನೀರೂ ಹೋಗುತ್ತದೆ. ಬಿಪಿ, ಹೃದಯ, ಮೂತ್ರಪಿಂಡದ ತೊಂದರೆ ಇಲ್ಲದವರು ಮೊದಲ 10 ದಿನ ಅರ್ಧ ಟೀ ಚಮಚ ಉಪ್ಪನ್ನು ಎರಡು ಲೋಟ ಸೂಪಿಗೆ ಹಂಚಿ ಹೆಚ್ಚಿಗೆ ಹಾಕಿಕೊಳ್ಳಲಿ. ಬಿಪಿ ಮಾತ್ರೆ ನುಂಗುವವರಿಗೆ ಬಿಪಿ ಇಳಿದು ತಲೆ ಸುತ್ತಬಹುದು. ಬೆಳಿಗ್ಗೆ ಸಂಜೆ ಅಳೆದು ವೈದ್ಯರಿಗೆ ತಿಳಿಸಿ.

ಮೊದಲ ವಾರ 1ರಿಂದ 2 ಕಿಲೋ ಇಳಿದರೆ ಗಾಬರಿ ಬೇಡ. ದೇಹದ ಗ್ಲೈಕೋಜನ್ ಮತ್ತು ಅದು ಹಿಡಿದಿಟ್ಟ ನೀರು ಅದು. ಎರಡನೇ ವಾರದಿಂದಲೂ ಇಳಿಯುತ್ತಲೇ ಇದ್ದರೆ ಊಟ ಸಾಲುತ್ತಿಲ್ಲ. ಮೊದಲು ಕೊಬ್ಬು, ಆಮೇಲೆ ತರಕಾರಿಯ ಪ್ರಮಾಣ ಏರಿಸಿ. ತಿಂಗಳಲ್ಲಿ 5 ಶೇಕಡಾ ದಾಟಿದರೆ ಪಥ್ಯ ನಿಲ್ಲಿಸಿ.

ಇನ್ನೊಂದು ತಪ್ಪು ಕಲ್ಪನೆ: ಬ್ರೆಡ್ಡಿನ ಯೀಸ್ಟ್, ಅಣಬೆ ತಿಂದರೆ ಕ್ಯಾಂಡಿಡಾ ಬೆಳೆಯುತ್ತದೆ ಎಂಬುದು. ಬ್ರೆಡ್ಡಿನ ಯೀಸ್ಟ್ ಬೇರೆ ಜಾತಿ, ಬೇಯುವಾಗ ಸಾಯುತ್ತದೆ. ಅಣಬೆಗೂ ಇದಕ್ಕೂ ಸಂಬಂಧವಿಲ್ಲ.

## ಹಂತ 6: ಮೈ ಕೆಟ್ಟಾಗ ಕಾರಣ ಹುಡುಕುವ ಬಗೆ

'ಯೀಸ್ಟ್ ಸಾಯುವಾಗ ಹೀಗಾಗುತ್ತದೆ' ಎಂಬ ಮಾತನ್ನು ಈ 4 ವಾರ ಪಕ್ಕಕ್ಕಿಡಿ. ರೋಗಾಣು ಸಾಯುವಾಗ ಜ್ವರ, ನಡುಕ ಬರುವ ಪ್ರತಿಕ್ರಿಯೆ ಸಿಫಿಲಿಸ್‌ನಂಥ ಕಾಯಿಲೆಗಳಲ್ಲಿ ಆಂಟಿಬಯಾಟಿಕ್ ಕೊಟ್ಟಾಗ ನಿಜವಾಗಿ ಕಂಡುಬರುತ್ತದೆ. ಗಂಟೆಗಳಲ್ಲಿ ಶುರುವಾಗಿ ಸಾಮಾನ್ಯವಾಗಿ ಒಂದು ದಿನದೊಳಗೆ ಇಳಿಯುತ್ತದೆ. ಊಟ ಬದಲಿಸಿ ಕ್ಯಾಂಡಿಡಾ ಸತ್ತು ವಾರಗಟ್ಟಲೆ ಹಾಗಾಗುತ್ತದೆ ಎನ್ನಲು ಒಳ್ಳೆಯ ಪುರಾವೆ ಇಲ್ಲ. ಈ ಹೆಸರಿನ ಅಪಾಯ ಏನೆಂದರೆ, ಯಾವ ತೊಂದರೆ ಬಂದರೂ ಅದು ಒಳ್ಳೆಯ ಲಕ್ಷಣವಾಗಿ ಕಂಡು, ಔಷಧಿಯ ಅಲರ್ಜಿ, ನಿರ್ಜಲೀಕರಣ, ಸಕ್ಕರೆ ಕುಸಿತವನ್ನೂ ಜನ ಸಹಿಸಿಕೊಂಡು ಕೂರುತ್ತಾರೆ.

ಅದರ ಬದಲು ಹೀಗೆ ಪರೀಕ್ಷಿಸಿ. ತಲೆನೋವು, ಎದ್ದಾಗ ತಲೆಸುತ್ತು, ಕಾಲು ಸೆಳೆತ ಬಂದರೆ ಒಂದು ಲೋಟ ಉಪ್ಪಿನ ಸೂಪ್ ಕುಡಿದು ಒಂದು ಗಂಟೆ ನೋಡಿ. ಇಳಿದರೆ ಉಪ್ಪಿನ ಕೊರತೆ. ಇಳಿಯದಿದ್ದರೆ ಕಾಫಿ ಯಾವಾಗ ಬಿಟ್ಟಿರಿ ಎಂದು ಪುಸ್ತಕದಲ್ಲಿ ನೋಡಿ. ಸಂಜೆ ಕೈ ನಡುಗಿ, ಬೆವರಿ, ಸಿಡುಕು ಬಂದರೆ ಊಟದ ನಡುವಿನ ಅಂತರ ಹೆಚ್ಚಾಗಿದೆ ಅಥವಾ ಕ್ಯಾಲೊರಿ ಸಾಲದು. ಬೇಯಿಸಿದ ಕುಂಬಳ ಅಥವಾ ಕ್ಯಾರೆಟ್ ಒಂದು ಲೋಟ ಸೇರಿಸಿ. ಮಧುಮೇಹಿಗಳು ಮಾತ್ರ ಕೂಡಲೇ ಸಕ್ಕರೆ ಅಳೆದುಕೊಳ್ಳಬೇಕು; 70ಕ್ಕಿಂತ ಕೆಳಗಿದ್ದರೆ 15 ಗ್ರಾಂ ಗ್ಲೂಕೋಸ್, ಆ ಹೊತ್ತಿನಲ್ಲಿ ಪಥ್ಯದ ಚಿಂತೆ ಬೇಡ. ಜಿಡ್ಡು ತೇಲುವ ಸಡಿಲ ಮಲವಾದರೆ ಕೊಬ್ಬು ಹೆಚ್ಚಾಯಿತು, ಅರ್ಧಕ್ಕೆ ಇಳಿಸಿ. 3 ದಿನ ಮಲವಿಸರ್ಜನೆ ಇಲ್ಲದಿದ್ದರೆ ತರಕಾರಿ, ನೀರು ಎರಡನ್ನೂ ಏರಿಸಿ. ಅಷ್ಟಕ್ಕೂ ಬಗ್ಗದಿದ್ದರೆ ವೈದ್ಯರನ್ನು ಕೇಳಿ ಮೃದು ವಿರೇಚಕ ತೆಗೆದುಕೊಳ್ಳಿ. ತಿಂಗಳುಗಟ್ಟಲೆ ಒದ್ದಾಡುವುದು ಬೇಡ.

ಕೆಳಗಿನವು ಕಂಡರೆ ಪುಸ್ತಕ ಮುಚ್ಚಿ ಆಸ್ಪತ್ರೆಗೆ ಹೋಗಿ: ನಡುಕದ ಜೊತೆ ಜ್ವರ, ನುಂಗುವಾಗ ಎದೆಯಲ್ಲಿ ನೋವು, ಮಲದಲ್ಲಿ ರಕ್ತ ಅಥವಾ ಟಾರಿನಂಥ ಕಪ್ಪು ಬಣ್ಣ, ಏನೂ ನಿಲ್ಲದ ವಾಂತಿ, ಹೊಟ್ಟೆ ನೋವಿನ ಜೊತೆ ಮಲ, ವಾಯು ಎರಡೂ ನಿಲ್ಲುವುದು, ಎದೆ ಬಡಿತ ತಪ್ಪುವುದು, ಪ್ರಜ್ಞೆ ತಪ್ಪುವುದು, ಆಳವಾದ, ವೇಗದ ಉಸಿರು, ತುಟಿ, ಮುಖದ ಊತ, ಶಿಲೀಂಧ್ರದ ಮಾತ್ರೆ ನುಂಗುವಾಗ ಕಣ್ಣು ಹಳದಿಯಾಗುವುದು ಅಥವಾ ಮೂತ್ರ ಗಾಢವಾಗುವುದು.

5 ದಿನಕ್ಕಿಂತ ಹೆಚ್ಚು ಕಾಲ ಬಹುತೇಕ ಏನೂ ತಿಂದಿಲ್ಲವಾದರೆ ಒಮ್ಮೆಗೇ ಹೊಟ್ಟೆ ತುಂಬ ಉಣ್ಣಬೇಡಿ. ರಕ್ತದ ಫಾಸ್ಫೇಟ್, ಪೊಟಾಸಿಯಂ ಕುಸಿದು ಹೃದಯಕ್ಕೆ ಅಪಾಯವಾಗಬಹುದು; ಮತ್ತೆ ಊಟ ಶುರುವಾಗುವುದು ವೈದ್ಯರ ಕಣ್ಣಳತೆಯಲ್ಲಿರಲಿ.

## ಹಂತ 7: ಹುದುಗಿಸಿದ ಪದಾರ್ಥ, ಪ್ರೋಬಯಾಟಿಕ್, ಎಣ್ಣೆಗಳು

ಇವು ಎರಡನೇ ವಾರದ ನಂತರ, ಹೊಟ್ಟೆ ನೆಲೆ ನಿಂತ ಮೇಲೆ. ಒಂದು ವಾರಕ್ಕೆ ಒಂದೇ ಹೊಸದು.

ಮೊದಲು 24 ಗಂಟೆಯ ಮೊಸರು. ಹಾಲು ಕಾಯಿಸಿ 42 ಡಿಗ್ರಿಗೆ ಆರಿಸಿ, ಹೆಪ್ಪು ಹಾಕಿ, 38ರಿಂದ 43 ಡಿಗ್ರಿಯಲ್ಲಿ ಪೂರ್ತಿ 24 ಗಂಟೆ ಇಡಿ. ಹೊತ್ತು ಹೆಚ್ಚಿದಷ್ಟೂ ಲ್ಯಾಕ್ಟೋಸ್ ಕರಗುತ್ತದೆ. ಬಿಸಿ ಅದಕ್ಕಿಂತ ಏರಿದರೆ ಹೆಪ್ಪು ಸೋಲುತ್ತದೆ, ಕಡಿಮೆಯಾದರೆ ಕೆಲಸ ನಿಧಾನ. ಥರ್ಮಾಮೀಟರ್ ಬೇಕಾಗುವುದು ಇಲ್ಲೇ. 1 ಟೀ ಚಮಚದಿಂದ ಶುರು ಮಾಡಿ 3 ದಿನಕ್ಕೊಮ್ಮೆ ಇಮ್ಮಡಿ ಮಾಡಿ. ಉಬ್ಬರದ ಅಂಕ 2 ಏರಿದರೆ ಹಿಂದಿನ ಅಳತೆಗೆ ಇಳಿಯಿರಿ. ಮುಖ ಕೆಂಪಾಗುವುದು, ಮೈ ತುರಿಕೆ, ಮೂಗು ಕಟ್ಟುವುದು ಕಂಡರೆ ಹಿಸ್ಟಮಿನ್ ಒಗ್ಗುತ್ತಿಲ್ಲ, ಹುದುಗಿಸಿದ್ದನ್ನೆಲ್ಲ ನಿಲ್ಲಿಸಿ.

ಸ್ಯಾಕರೊಮೈಸಿಸ್ ಬೌಲಾರ್ಡಿ ಎಂಬ ಪ್ರೋಬಯಾಟಿಕ್ ಸ್ವತಃ ಒಂದು ಯೀಸ್ಟ್. ಶಿಲೀಂಧ್ರದ ಔಷಧಿಯ ಜೊತೆ ನುಂಗಿದರೆ ಆ ಔಷಧಿ ಇದನ್ನೂ ಕೊಲ್ಲುತ್ತದೆ, ದುಡ್ಡು ದಂಡ. ರೋಗನಿರೋಧಕ ಶಕ್ತಿ ಕುಗ್ಗಿದವರಿಗೆ, ರಕ್ತನಾಳದಲ್ಲಿ ಕ್ಯಾತಿಟರ್ ಇರುವವರಿಗೆ ಇದು ರಕ್ತದ ಸೋಂಕನ್ನೇ ತರಬಹುದು.

ತೆಂಗಿನೆಣ್ಣೆಯಲ್ಲಿರುವ ಕ್ಯಾಪ್ರಿಲಿಕ್ ಆಮ್ಲ ಪ್ರಯೋಗಾಲಯದ ತಟ್ಟೆಯಲ್ಲಿ ಕ್ಯಾಂಡಿಡಾ ತಡೆಯುತ್ತದೆ. ನುಂಗಿದ್ದು ಕರುಳಿನಲ್ಲೂ ಅದೇ ಕೆಲಸ ಮಾಡುತ್ತದೆ ಎಂದು ಅದರಿಂದ ಹೇಳಲಾಗದು. ಅಡುಗೆಯ ಕೊಬ್ಬಾಗಿ ಬಳಸಿ, ಔಷಧಿಯೆಂದು ಲೋಟಗಟ್ಟಲೆ ಬೇಡ. ಓರೆಗಾನೊ ಎಣ್ಣೆಯಂಥ ಕಟು ಎಣ್ಣೆಗಳು ಬಾಯಿ, ಅನ್ನನಾಳ ಸುಡುತ್ತವೆ. ಈಗಾಗಲೇ ಕೆರಳಿರುವ ಹೊಟ್ಟೆಗೆ ಅವು ಬೇಡವೇ ಬೇಡ.

## ಹಂತ 8: ಬಿಟ್ಟದ್ದನ್ನು ವಾಪಸ್ ತರುವುದು

4 ವಾರವಾದರೂ ಉಬ್ಬರದ ಸರಾಸರಿ ಅಂಕ ಹಳೆಯದಕ್ಕಿಂತ ಮೂರನೇ ಒಂದು ಭಾಗವೂ ಇಳಿದಿಲ್ಲವಾದರೆ ಈ ಪಥ್ಯ ನಿಮ್ಮ ತೊಂದರೆಗೆ ಉತ್ತರವಲ್ಲ. ಇನ್ನಷ್ಟು ಬಿಗಿ ಮಾಡಬೇಡಿ. ಊಟ ವಾಪಸ್ ತಂದು, ದಾಖಲೆಯ ಪುಸ್ತಕ ಹಿಡಿದು ಜಠರ ಮತ್ತು ಕರುಳಿನ ತಜ್ಞರ ಬಳಿ ಹೋಗಿ. ಗುಣ ಕಂಡಿದ್ದರೂ ಊಟ ವಾಪಸ್ ಬರಲೇಬೇಕು, ಏಕೆಂದರೆ ನಾರು ಕಡಿಮೆಯಾದಷ್ಟೂ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸೊರಗುತ್ತದೆ, ಕ್ಯಾಂಡಿಡಾವನ್ನು ಅಂಕೆಯಲ್ಲಿಡುವುದು ಅದೇ ಬ್ಯಾಕ್ಟೀರಿಯಾ.

ಸರದಿ ಹೀಗಿರಲಿ: ಮೊದಲು ಬಿಟ್ಟಿದ್ದ ತರಕಾರಿಗಳು, ಆಮೇಲೆ ಮಾಗಿದ ಹಣ್ಣು, ನೆನೆಸಿ ಚೆನ್ನಾಗಿ ಬೇಯಿಸಿದ ಬೇಳೆ, ಗೆಡ್ಡೆ, ಅಕ್ಕಿ ಅಥವಾ ಓಟ್ಸ್, ಗೋಧಿ, ಕೊನೆಗೆ ಹಾಲು. ಒಂದೊಂದಕ್ಕೂ 5 ದಿನ. ಮೊದಲ ದಿನ 2 ಟೇಬಲ್ ಚಮಚ, ಎರಡನೇ ದಿನ ಅರ್ಧ ಲೋಟ, ಮೂರನೇ ದಿನ ಒಂದು ಲೋಟ, ಉಳಿದ ಎರಡು ದಿನ ಅದನ್ನು ತಿನ್ನದೆ ನೋಡುವುದು. ತಡವಾಗಿ ಬರುವ ತೊಂದರೆ ಆ ಎರಡು ದಿನದಲ್ಲೇ ಹೊರಬೀಳುತ್ತದೆ. ಅವನ್ನು ಹಾರಿಸಿದವರು ತಪ್ಪು ಪದಾರ್ಥವನ್ನು ದೂರುತ್ತಾರೆ. ನಿದ್ದೆಗೆಟ್ಟ ದಿನ, ಮುಟ್ಟಿನ ಹಿಂದುಮುಂದಿನ ದಿನ, ಜ್ವರವಿದ್ದಾಗ ಹೊಸದನ್ನು ಶುರು ಮಾಡಬೇಡಿ.

ಯಾವುದಾದರೂ ಒಗ್ಗದಿದ್ದರೆ ನಿಲ್ಲಿಸಿ, ಹೊಟ್ಟೆ ಹಳೆಯ ಸ್ಥಿತಿಗೆ ಬಂದ ಮೇಲೆ ಪಟ್ಟಿಯ ಮುಂದಿನದಕ್ಕೆ ಹೋಗಿ. ಒಗ್ಗದ್ದನ್ನು 4 ವಾರ ಬಿಟ್ಟು ಅರ್ಧ ಅಳತೆಯಲ್ಲಿ ಮತ್ತೆ ನೋಡಿ. ಒಮ್ಮೆ ತೊಂದರೆ ಕೊಟ್ಟಿತು ಎಂದು ಯಾವುದನ್ನೂ ಜೀವಮಾನಕ್ಕೆ ಬಿಡಬೇಡಿ. ಬೇಳೆ ತಿಂದ ರಾತ್ರಿ ಗ್ಯಾಸ್ ಆದರೆ ಅದು ಕ್ಯಾಂಡಿಡಾ ವಾಪಸ್ ಬಂದ ಗುರುತಲ್ಲ. ಬೇಳೆಯ ನಾರನ್ನು ಬ್ಯಾಕ್ಟೀರಿಯಾ ಹುದುಗಿಸಿದ್ದು. ಬಾಯಿಯ ಬಿಳಿ ಪದರ ಅಥವಾ ಯೋನಿಯ ಸೋಂಕೇ ಮರಳಿದರೆ ಪಥ್ಯದ ಹಂತಕ್ಕೆ ಹಿಂತಿರುಗುವ ಮೊದಲು 3ನೇ ಹಂತ ನೋಡಿ: ರಕ್ತದ ಸಕ್ಕರೆ ಅಳೆಯಿರಿ, ಇನ್‌ಹೇಲರ್ ಬಳಸುವ ರೀತಿ, ಹಲ್ಲಿನ ಸೆಟ್, ಈಚೆಗೆ ನುಂಗಿದ ಆಂಟಿಬಯಾಟಿಕ್ ಪರಿಶೀಲಿಸಿ, ಮತ್ತು ಈ ಸಲ ಮಾತ್ರೆಗೆ ಮುಂಚೆ ಕಲ್ಚರ್‌ಗೆ ಮಾದರಿ ಕೊಡಿ.